ಹೊಸ್ತಿಲಿನ ಗಿಳಿ

ಅಂದು ಬೆಳಿಗ್ಗೆಯೂ ಅತ್ತೆ ಎಂದಿನಂತೆ ಅರಿಷಿಣದ ಬಟ್ಟಲು ಹಿಡಿದು ಬಾಗಿಲಿಗೆ ಹೋದರು. ಅಲ್ಲಿ ಹಿಂದಿನ ದಿನ ಕೂಡಿಸಿದ ಗ್ರಾನೈಟ್ ಹೊಸ್ತಿಲಿತ್ತು. ಅವರ ಕೈ ತಡೆಯಿತು.

"ನಾ ಮದಿವ್ಯಾಗಿ ದಾಟಿ ಬಂದ ಹೊಸ್ತಿಲ ಈಗ ಒಲಿಗೆ ಹೋಗ್ತೈತೇನು?"

ಗೆದ್ದಲು ಹಿಡಿದ ಹಳೆಯ ಹೊಸ್ತಿಲು ತುಂಡಾಗಿ ಅಂಗಳದಲ್ಲಿ ಬಿದ್ದಿತ್ತು. ತಿಳವಳ್ಳಿ ಬಸ್ಸಿಳಿದು ಬಂದ ಬಡಿಗ್ಯಾರು ಒಂದು ತುಂಡನ್ನೆತ್ತಿ ಮೂಸಿದರು, ಅಂಗೈಯಿಂದ ಸವರಿದರು. ಇದರಲ್ಲಿ ಅತ್ತೆಗೆ ಏನಾದರೂ ಮಾಡಿಕೊಡಲಾದೀತೇ ಎಂದು ಕೇಳಿದೆ.

"ಹೊಂದ್ತೈತಿ ತಗೋರಿ."

ಏನು ಕೇಳಿದರೂ ಅವರದು ಅದೇ ಮಾತು. ಒಮ್ಮೆ ನಾನು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಾಗಲೂ "ಹೊಂದ್ತೈತಿ ತಗೋರಿ" ಎಂದು ಪೂರ್ತಿ ಕುಡಿದಿದ್ದರು.

ಮಧ್ಯಾಹ್ನದವರೆಗೆ ಅವರ ಪೆನ್ಸಿಲ್ಲು ಕಿವಿಗೂ ಕಟ್ಟಿಗೆಗೂ ನಡುವೆ ಓಡಾಡಿತು. ಬಾಗಿಲ ಮೇಲೆ ತೂಗುಹಾಕಲು ಒಂದು ಗಿಳಿ ಮೂಡಿತು. ರೆಕ್ಕೆಗೆ ಹಸಿರು ಬಳಿದರು. ಎದೆಗೆ ಮಾತ್ರ ಉಳಿಯನ್ನೂ ಕುಂಚವನ್ನೂ ತಾಗಿಸಲಿಲ್ಲ. ಅತ್ತೆ ವರ್ಷಗಟ್ಟಲೆ ಹಚ್ಚಿದ ಅರಿಷಿಣ ಅಲ್ಲಿ ಕಟ್ಟಿಗೆಯೊಳಗೇ ಇಳಿದಿತ್ತು.

"ಇದು ನಿಮ್ಮ ಬಣ್ಣರೀ, ಅವ್ವಾರ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಆಮೇಲೆ ಹೊಸ ಹೊಸ್ತಿಲಿಗೂ ಅರಿಷಿಣ ಹಚ್ಚಿ ಕುಂಕುಮವಿಟ್ಟರು.

ಸಂಜೆ ಹಾಲು ತರಲು ಹೊರಟ ಪಕ್ಕದ ಮನೆಯಾಕೆ ಬಾಗಿಲ ಮೇಲೆ ತೂಗುತ್ತಿದ್ದ ಗಿಳಿಯನ್ನು ತಲೆಯೆತ್ತಿ ನೋಡಿ, ನಡೆಯುತ್ತಲೇ ಕೇಳಿದರು:

"ಇದೇನ್ರೀ ಅತ್ತಿ, ಗಿಳಿಗೆ ಅರಿಷಿಣ ಹಚ್ಚೀರಿ! ಮದಿವಿ ಯಾವಾಗ್ರಿ?"