ಅಕ್ಕ ಟ್ರ್ಯಾಕ್ಟರ್ ಬೀಳಿಸಲಿಲ್ಲ

ಹೋದ ತಿಂಗಳು ಮೈಸೂರು ರಸ್ತೆಯ ಒಂದು ಟ್ರ್ಯಾಕ್ಟರ್ ಅಂಗಡಿಯ ಹಿತ್ತಲಲ್ಲಿ ನಿಂತಿದ್ದಾಗ ಹೊಸ ಬಣ್ಣದ ವಾಸನೆಯೂ ಗ್ರೀಸಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದವು. ಮಿನಿ ಟ್ರ್ಯಾಕ್ಟರಿಗೆ ಹಾಕುವ ಸಾಮಾನುಗಳನ್ನೆಲ್ಲ ಅಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದರು. ಅಕ್ಕನ ಮಗಳು ಮಣ್ಣು ಎತ್ತುವ ಒಂದು ಬಕೆಟ್ಟಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಅಕ್ಕನೂ ಹೀಗೇ ಮುಟ್ಟಿ ನೋಡುತ್ತಿದ್ದಳು… ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೀರು ಕುಡಿಯುವ ನೆಪ ಮಾಡಿ ಆಚೆ ಬಂದೆ.

ನಾನು ಓದಿದ್ದು ಏಳನೇ ಕ್ಲಾಸು. ಲಗೇಜ್ ಆಟೋ ಓಡಿಸುತ್ತೇನೆ. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಅಕ್ಕನ ಮಾತು ಬಂದರೆ ಇವತ್ತಿಗೂ ಜನ ‘ಟ್ರ್ಯಾಕ್ಟರ್ ಬೀಳಿಸಿದಳಲ್ಲ, ಆಯಮ್ಮ’ ಎನ್ನುತ್ತಾರೆ. ಅದು ಸುಳ್ಳು. ಆ ಸುಳ್ಳು ಹುಟ್ಟಿದ ಜಾಗದಲ್ಲಿ ನಾನೇ ಇದ್ದೆ.

ನಮ್ಮದು ಕೆಂಗೇರಿ ಹಳೇ ಊರು. ಹೊಲವೆಲ್ಲ ಉಪನಗರಕ್ಕೂ ಆಮೇಲೆ ಬಂದ ಲೇಔಟುಗಳಿಗೂ ಹೋಯಿತು. ಮನೆ ಹಿಂದೆ ಉಳಿದ ತುಂಡು ಜಾಗದಲ್ಲಿ ಅಪ್ಪ ಸೊಪ್ಪು ಬೆಳೆಯುತ್ತಿದ್ದರು. ಅದಕ್ಕೆಂದೇ ಒಂದು ಮಿನಿ ಟ್ರ್ಯಾಕ್ಟರ್ ತಂದಿದ್ದರು. ಅಪ್ಪ ಹೋದ ಮೇಲೆ ಅದನ್ನು ಹತ್ತಿದವಳು ಅಕ್ಕ. ಭಾವ ತೀರಿಕೊಂಡಿದ್ದರು. ಪುಟ್ಟ ಮಗಳನ್ನು ಕಟ್ಟಿಕೊಂಡು ನಮ್ಮ ಪಕ್ಕದ ಮನೆಯಲ್ಲೇ ಇದ್ದಳು. ಸೀರೆಯ ಮೇಲೆ ಭಾವನ ಹಳೇ ಶರ್ಟು ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಕೂರುತ್ತಿದ್ದಳು. ನಗುವವರು ನಗುತ್ತಿದ್ದರು. ಅವಳು ಹಾರ್ನ್ ಹೊಡೆದು ಅವರನ್ನು ಪಕ್ಕಕ್ಕೆ ಸರಿಸಿ ಹೋಗುತ್ತಿದ್ದಳು.

ನಮ್ಮ ಬೀದಿ ತಗ್ಗಿನಲ್ಲಿದೆ. ಕೊನೆಯಲ್ಲಿ ರಾಜಕಾಲುವೆ. ಜೋರು ಮಳೆ ಬಂದರೆ ಕಾಲುವೆ ಉಕ್ಕಿ, ನೀರು ಇಳಿದ ಮೇಲೆ ರಸ್ತೆ ತುಂಬ ಕೆಸರು ಉಳಿಯುತ್ತಿತ್ತು. ಆಫೀಸಿಗೆ ಹೋಗುವವರು ಬೂಟು ಕೈಯಲ್ಲಿ ಹಿಡಿದು ದಾಟುತ್ತಿದ್ದರು. ದೊಡ್ಡ ಯಂತ್ರ ಒಳಗೆ ಬಂದರೆ ತಿರುಗಲು ಜಾಗವಿಲ್ಲ.

“ನಮ್ ಗಾಡಿ ತಿರುಗುತ್ತಲ್ಲ,” ಎಂದಳು ಅಕ್ಕ ಒಂದು ಬೆಳಿಗ್ಗೆ. “ಏನಾದ್ರೂ ಹಾಕ್ಸಿ ತೆಗೆಯೋಣ ಕಣೋ. ಯಾರಿಗೋ ಕಾಯ್ಕೊಂಡು ಎಷ್ಟು ದಿನ ಕೂರೋದು?”

ಹಾಗೆ ನಾವಿಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವನು ಫೋನಿನಲ್ಲಿ ವಿಡಿಯೋ ತೋರಿಸಿದ. ಯಾವುದೋ ಚಳಿ ದೇಶ. ನಮ್ಮದರಷ್ಟೇ ಪುಟ್ಟ ಟ್ರ್ಯಾಕ್ಟರುಗಳು ರಸ್ತೆಯ ಹಿಮ ತೆಗೆಯುತ್ತಿದ್ದವು. ಒಂದಕ್ಕೆ ಅಗಲವಾದ ಬ್ಲೇಡು, ಹಿಮವನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತಿತ್ತು. ಒಂದಕ್ಕೆ ಗಿರಗಿರ ತಿರುಗುವ ಬ್ರಷ್ಷು. ಇನ್ನೊಂದು ಹಿಮವನ್ನು ನುಂಗಿ ಚಿಮಣಿಯಂಥ ಕೊಳವೆಯಿಂದ ಆಕಾಶಕ್ಕೆ ಉಗಿಯುತ್ತಿತ್ತು. ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು.

“ಈ ಉಗಿಯೋದನ್ನ ನಮ್ ಕೆಸರಿಗೆ ಹಾಕಿದ್ರೆ?”

“ಎದುರು ಮನೆ ಆಂಟಿ ಒಣಗಾಕಿರೋ ಬಟ್ಟೆಗೆಲ್ಲ ಅಭಿಷೇಕ ಆಗುತ್ತೆ ಅಷ್ಟೇ,” ಎಂದೆ.

ಅಂಗಡಿಯವನು ನಕ್ಕ. ಅಕ್ಕನೂ ನಕ್ಕಳು. ಬ್ಲೇಡು ತಗೊಂಡೆವು.

ಆ ಆಯ್ಕೆ ತಪ್ಪಾಗಿತ್ತು. ಮುಂದಿನ ಮಳೆಗೆ ಅಕ್ಕ ಬೀದಿಯ ಕೆಸರನ್ನು ಬ್ಲೇಡಿನಿಂದ ನೀಟಾಗಿ ತಳ್ಳಿಕೊಂಡು ಹೋದಳು. ಎರಡೂ ಕಡೆ ಕಾಂಪೌಂಡು. ಕೆಸರಿಗೆ ಹೋಗಲು ದಾರಿ ಇಲ್ಲದೆ ಅದು ಕೊನೆ ಮನೆಯ ಗೇಟಿನ ಮುಂದೆ ಗುಡ್ಡೆಯಾಗಿ ನಿಂತಿತು. ಆ ಮನೆಯಲ್ಲಿ ರಿಟೈರ್ ಆದ ಒಬ್ಬರಿದ್ದರು. ಬೀದಿಯವರೆಲ್ಲ ಅವರನ್ನು ಕೊನೆ ಮನೆ ಸಾರ್ ಎನ್ನುತ್ತಿದ್ದೆವು. ಅವರು ಬಿಳಿ ಪಂಚೆ ಎತ್ತಿ ಹಿಡಿದುಕೊಂಡು ಗೇಟಿನ ಒಳಗೆ ನಿಂತಿದ್ದರು.

“ಏನಮ್ಮ, ಊರ್ ಕೆಸರನ್ನೆಲ್ಲ ನಮ್ಮನೆಗೆ ಹೋಮ್ ಡೆಲಿವರಿ ಕೊಡ್ತಿದೀಯಾ?”

ಅಕ್ಕ ಇಳಿದು, ಸನಿಕೆ ಹಿಡಿದು, ಆ ಗುಡ್ಡೆಯನ್ನು ತಾನೇ ಬಾಚಿದಳು. ಸಂಜೆ ಜಗಲಿಯಲ್ಲಿ ಕಾಲು ತೊಳೆಯುತ್ತ ಹೇಳಿದಳು: “ಆ ವಿಡಿಯೋದಲ್ಲಿ ರಸ್ತೆ ಪಕ್ಕ ಬರೀ ಬಯಲು ಕಣೋ. ತಳ್ಳಿದ್ರಾಯ್ತು, ಬಿಸಿಲು ಬಂದ್ರೆ ಕರಗೋಗುತ್ತೆ. ನಮ್ದು ಕರಗಲ್ಲ, ಒಣಗಿ ಕಲ್ಲಾಗುತ್ತೆ. ಇದನ್ನ ತಳ್ಳೋದಲ್ಲ, ಎತ್ತಬೇಕು.”

ಬ್ಲೇಡು ವಾಪಸ್ ಕೊಟ್ಟು, ಮುಂದಕ್ಕೆ ಹಾಕುವ ಬಕೆಟ್ ತಂದೆವು. ನನಗೆ ದೊಡ್ಡ ಬಕೆಟ್ಟಿನ ಮೇಲೆ ಆಸೆ. ನೋಡಲು ಭರ್ಜರಿಯಾಗಿತ್ತು. ಅಕ್ಕ ಒಪ್ಪಲಿಲ್ಲ. “ವಾಮನನ ಕೈಗೆ ಭೀಮನ ಗದೆ ಕೊಡ್ತೀಯಲ್ಲೋ,” ಎಂದು ಚಿಕ್ಕದನ್ನೇ ಆರಿಸಿದಳು. ಚಿಕ್ಕದಾದರೂ ಹಿಂದುಗಡೆ ಭಾರ ಇರಲೇಬೇಕು, ಇಲ್ಲದಿದ್ದರೆ ಬಕೆಟ್ ತುಂಬಿ ಎತ್ತಿದಾಗ ಹಿಂದಿನ ಚಕ್ರ ನೆಲ ಬಿಡುತ್ತದೆ ಎಂದು ಅಂಗಡಿಯವನು ಮತ್ತೆ ಮತ್ತೆ ಹೇಳಿದ. ಮೆಕ್ಯಾನಿಕ್ ಹತ್ತಿರ ಹಳೇ ಡ್ರಮ್ಮೊಂದಕ್ಕೆ ಕಾಂಕ್ರೀಟ್ ತುಂಬಿಸಿ, ಟ್ರ್ಯಾಕ್ಟರಿನ ಹಿಂದೆ ನೇತುಹಾಕುವಂತೆ ಮಾಡಿಸಿದೆವು. ತುಕ್ಕು ಹಿಡಿದ, ಸಿಮೆಂಟ್ ಸೋರಿದ, ನೋಡಲು ಅಸಹ್ಯವಾದ ಡ್ರಮ್ಮು. ಅಕ್ಕ ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟಳು.

“ಅತ್ತೆ ಹಿಂದೆ ಗಟ್ಟಿಯಾಗಿ ಕೂತಿದ್ರೆ ಸೊಸೆ ನೆಲ ಬಿಡಲ್ಲ.”

ಅಂದಿನಿಂದ ಗಾಡಿ ತೆಗೆಯುವ ಮುಂಚೆ ನನ್ನನ್ನು ಕೇಳುವ ರೂಢಿಯಾಯಿತು: “ಅತ್ತೆ ಕೂತ್ರೇನೋ?” ಡ್ರಮ್ಮಿನ ಕೊಕ್ಕೆಗೆ ಪಿನ್ನು ಹಾಕುವುದು ನನ್ನ ಕೆಲಸ. ನಾನು ಹೂಂ ಎಂದರೆ ಅವಳು ತಿರುಗಿ ನೋಡುತ್ತಿರಲಿಲ್ಲ.

ಆಮೇಲಿನ ಮಳೆಗಾಲಗಳಲ್ಲಿ ಬೀದಿಯವರು ಅಕ್ಕನಿಗಾಗಿ ಕಾಯುವಂತಾಯಿತು. ಆಂಟಿಯರು ಗೇಟಿಗೆ ಕಾಫಿ ತಂದರೆ ಸೀಟಿನ ಮೇಲೆ ಕೂತೇ ಕುಡಿಯುತ್ತಿದ್ದಳು. “ನಮ್ಮ ಗೇಟ್ ಮುಂದೆ ಸ್ವಲ್ಪ ನೀಟಾಗಿ ಮಾಡಮ್ಮ” ಎಂದು ಕೊನೆ ಮನೆ ಸಾರ್ ಕೂಗಿದರೆ, “ನಿಮ್ ಗೇಟಿಗೆ ಸ್ಪೆಷಲ್ ಕೆಸರಾ ಸಾರ್?” ಎನ್ನುತ್ತಿದ್ದಳು. ಅದೇ ಬೀದಿಯಲ್ಲಿದ್ದ ದೊಡ್ಡಪ್ಪನಿಗೆ ಮಾತ್ರ ಇದು ಹಿಡಿಸಲಿಲ್ಲ. ಗಂಡಸರಿರುವ ಮನೆಯಲ್ಲಿ ಹೆಣ್ಣುಮಗಳು ಬೀದಿ ಬಾಚುವುದೇ ಎಂದು ನಮ್ಮ ಜಗಲಿಗೆ ಬಂದು ಗೊಣಗುತ್ತಿದ್ದರು. ಅಕ್ಕ ಅವರಿಗೂ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಗಾಡಿ ಬಿದ್ದ ವರ್ಷದ ಆಯುಧ ಪೂಜೆ… ಟ್ರ್ಯಾಕ್ಟರ್ ತೊಳೆದು, ಬಣ್ಣ ಬಳಿದು, ಬಕೆಟ್ಟಿಗೆ ಚೆಂಡುಹೂವಿನ ಹಾರ ಹಾಕಿದ್ದು ನಾನೇ. ಫೋಟೋ ತೆಗೆಯಲು ನೋಡಿದರೆ ಆ ಡ್ರಮ್ಮು ಕಣ್ಣಿಗೆ ಚುಚ್ಚುವಂತಿತ್ತು. ಇಬ್ಬರು ಗೆಳೆಯರನ್ನು ಕರೆದು ಅದನ್ನು ಬಿಚ್ಚಿ ಶೆಡ್ಡಿನ ಹಿಂದಕ್ಕೆ ಉರುಳಿಸಿದೆ. ಗಾಡಿಯ ಬೆನ್ನನ್ನು ಶೆಡ್ಡಿನ ಕಡೆಗೆ ಮಾಡಿ ನಿಲ್ಲಿಸಿ, ಹಿಂದಿನ ಎರಡು ಮೂಲೆಗೂ ಬಾಳೆಕಂದು ಕಟ್ಟಿದೆ. ಪೂಜೆ ಆಯಿತು. ಪೂಜೆಗೆ ಇಟ್ಟ ಆಯುಧವನ್ನು ಆವತ್ತು ಮುಟ್ಟುವ ಹಾಗಿಲ್ಲ. ವಿಜಯದಶಮಿ ಬೆಳಿಗ್ಗೆ ದೀಪ ಹಚ್ಚಿ ಎತ್ತಬೇಕು. ಬೆಳಿಗ್ಗೆ ಎದ್ದ ಕೂಡಲೇ ಡ್ರಮ್ಮು ಕಟ್ಟಿದರಾಯಿತು ಎಂದುಕೊಂಡೆ.

ಆದರೆ ರಾತ್ರಿ ಮಳೆ ಸುರಿದು ಕಾಲುವೆ ಉಕ್ಕಿತ್ತು. ಬೆಳಿಗ್ಗೆ ಬೀದಿಯವರು ಬಂದು ಅಕ್ಕನನ್ನು ಕೂಗಿದರು. ಕೆಸರು ತುಂಬಿಕೊಂಡು ಹೋಗಲು ಟಿಪ್ಪರ್ ಬಂದು ನಿಂತಿತ್ತು. ಅಕ್ಕ ದೀಪ ಹಚ್ಚಿ, ಕೈ ಮುಗಿದು ಗಾಡಿ ಹತ್ತಿದಳು. ನಾನು ನಡುಮನೆಯಲ್ಲಿ ಮಲಗಿಕೊಂಡೇ ಹಿಂದಿನ ದಿನದ ಫೋಟೋಗೆ ಯಾರ್ಯಾರು ಲೈಕ್ ಕೊಟ್ಟಿದ್ದಾರೆಂದು ನೋಡುತ್ತಿದ್ದೆ.

“ಲೋ, ಅತ್ತೆ ಕೂತ್ರೇನೋ?”

“ಹೂಂ ಕಣಕ್ಕ.”

ನಿದ್ದೆಗಣ್ಣಿನಲ್ಲಿ ಹೇಳಿದೆ ಎಂದು ಈಗ ಹೇಳಬಹುದು. ಹೇಳುವುದಿಲ್ಲ. ಕೇಳಿಸಿತ್ತು. ಏಳಲು ಸೋಮಾರಿತನ, ಅಷ್ಟೇ. ಬರಿಗಾಡಿಯಲ್ಲಿ ರಸ್ತೆ ತುದಿಯವರೆಗೆ ಹೋದರೆ ಏನೂ ಆಗುವುದಿಲ್ಲ, ಅಷ್ಟರಲ್ಲಿ ಹಿಂದೆಯೇ ಹೋಗಿ ಹೇಳೋಣ ಎಂದುಕೊಂಡೆ. ಇನ್ನೊಂದು ಫೋಟೋ ನೋಡಿದೆ…

ಸದ್ದು ಕೇಳಿ ಓಡಿದೆ. ಅಕ್ಕ ಬಕೆಟ್ ತುಂಬ ಕೆಸರು ಎತ್ತಿ ಟಿಪ್ಪರಿಗೆ ಸುರಿಯಲು ಹೋಗಿದ್ದಾಳೆ. ಹಿಂದಿನ ಚಕ್ರ ಎರಡೂ ಮೇಲೆದ್ದು, ಗಾಡಿ ಮುಗ್ಗರಿಸಿ, ಕೊನೆ ಮನೆಯ ಕಾಂಪೌಂಡಿನ ಮೇಲೆ ಮಗುಚಿದೆ. ಗೋಡೆ ಕುಸಿದಿತ್ತು. ಅಕ್ಕ ಕೆಸರಿನಲ್ಲಿ ಕೂತಿದ್ದಳು. ಬಲಗೈ ಮಣಿಕಟ್ಟು ಬೇರೆ ದಿಕ್ಕಿಗೆ ತಿರುಗಿತ್ತು.

ದೊಡ್ಡಪ್ಪ ನನಗಿಂತ ಮುಂಚೆ ಬಂದಿದ್ದರು. “ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ರೆ ಗೋಡೆ ಉಳಿಯುತ್ತಾ?” ಎಂದರು, ಸುತ್ತ ನಿಂತವರಿಗೆಲ್ಲ ಕೇಳುವಂತೆ.

“ನಾನ್ ಓಡ್ಸಿದ್ರಲ್ಲಿ ತಪ್ಪಿಲ್ಲ ದೊಡ್ಡಪ್ಪ.”

“ಮತ್ತೆ ಗಾಡಿ ತಾನಾಗೇ ಬಿತ್ತಾ?”

ಅಕ್ಕ ನನ್ನ ಮುಖ ನೋಡಿದಳು. ನಾನು ಬಿದ್ದ ಇಟ್ಟಿಗೆಗಳನ್ನು ನೋಡಿದೆ. ದೊಡ್ಡಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟು, “ನೀನ್ ಕೂರ್ಬೇಕಿತ್ತು ಕಣಪ್ಪ. ನೀನಾಗಿದ್ರೆ ಹಿಂಗಾಗ್ತಿರ್ಲಿಲ್ಲ,” ಎಂದರು. ಆ ಮಾತು ನನಗೆ ಹಿತವಾಗಿತ್ತು. ಬಚ್ಚಿಡುವುದಿಲ್ಲ, ಹಿತವಾಗಿಯೇ ಇತ್ತು.

ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೀದಿಯವರು ಸೇರಿ ಗಾಡಿಯನ್ನು ನೆಟ್ಟಗೆ ಮಾಡಿ ಮನೆಗೆ ತಂದು ಬಿಟ್ಟರು. ಆ ಗಡಿಬಿಡಿಯಲ್ಲಿ ಬರಿದಾದ ಕೊಕ್ಕೆಯನ್ನು ಯಾರೂ ಗಮನಿಸಲಿಲ್ಲ. ಆಗ ನಾನು ಮಾಡಿದ್ದು ಹೂಂ ಎಂದದ್ದಕ್ಕಿಂತ ಕೆಟ್ಟದ್ದು. ಅದೇ ಇಬ್ಬರು ಗೆಳೆಯರನ್ನು ಕರೆದು, ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡು, ಮೆಕ್ಯಾನಿಕ್ ಬರುವುದರೊಳಗೆ ಡ್ರಮ್ಮನ್ನು ಹಿಂದಕ್ಕೆ ನೇತುಹಾಕಿದೆ. ಬಂದವರು ನೋಡಿದರು. ಭಾರ ಇದೆ, ಬಕೆಟ್ ಚಿಕ್ಕದೇ ಇದೆ. ಹಾಗಿದ್ದರೆ ತಪ್ಪು ಓಡಿಸಿದವಳದೇ.

ಕೈಗೆ ಬ್ಯಾಂಡೇಜು ಹಾಕಿಸಿಕೊಂಡು ಅಕ್ಕ ಮನೆಗೆ ಬಂದಳು. ಗಾಡಿಯ ಹಿಂದೆ ಹೋಗಿ ನಿಂತಳು. ಡ್ರಮ್ಮಿನ ಮೇಲೆ ಕೆಸರಿನ ಒಂದು ಹನಿಯೂ ಇರಲಿಲ್ಲ. ಅದನ್ನು ಎಡಗೈಯಿಂದ ಸವರಿ, ಒಳಗೆ ಹೋದಳು.

ಎಲ್ಲರಿಗೂ ಅವಳು ಹೇಳಿದ್ದು ಒಂದೇ ಮಾತು. ನಾನು ಓಡಿಸಿದ್ದರಲ್ಲಿ ತಪ್ಪಿಲ್ಲ. ಮತ್ತೆ ಹೇಗೆ ಬಿತ್ತು ಎಂದು ಕೇಳಿದರೆ ಸುಮ್ಮನಾಗುತ್ತಿದ್ದಳು. ಆ ಉತ್ತರ ನನ್ನ ಬಾಯಿಂದ ಬರಬೇಕೆಂದು ಕಾಯುತ್ತಿದ್ದಳು. ನನಗೆ ಅದು ಗೊತ್ತಿತ್ತು. ಅವರೇಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ, ಸರಿಯಾಗಿ ಕೂಡದ ಆ ಕೈಯಲ್ಲಿ ಕಾಳು ಬಿಡಿಸುತ್ತ ಒಂದೇ ಸಲ ಕೇಳಿದಳು:

“ಅವತ್ತು ನಾನ್ ಕೇಳಿದ್ದು ನಿಂಗೆ ಕೇಳಿಸ್ತಾ?”

“ಹೂಂ.”

“ಸರಿ ಬಿಡು.”

ಮತ್ತೆ ಕಾಳು ಬಿಡಿಸಿದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಗಾಡಿ ಮಾರಿ ಗೋಡೆ ಕಟ್ಟಿಸಿಕೊಟ್ಟೆವು. ಅಕ್ಕ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಮಳೆ ಬಂದ ಮಾರನೇ ದಿನ ಬಾಗಿಲು ಮುಂದೆ ಹಾಕಿಕೊಂಡು ಒಳಗೇ ಇರುತ್ತಿದ್ದಳು. ಆಮೇಲೊಂದು ಬೇಸಿಗೆಯಲ್ಲಿ ಕಾಮಾಲೆ ಬಂದು ಹೋಗಿಬಿಟ್ಟಳು…

ಅವಳ ಮಗಳು ಈಗ ಆ ತುಂಡು ಜಾಗದಲ್ಲಿ ಹೂಗಿಡಗಳ ನರ್ಸರಿ ಮಾಡಿಕೊಂಡಿದ್ದಾಳೆ. ಮಿನಿ ಟ್ರ್ಯಾಕ್ಟರ್ ತಗೊಳ್ಳುತ್ತೇನೆ, ಬಕೆಟ್ ಹಾಕಿಸುತ್ತೇನೆ, ಬೀದಿಯ ಕೆಸರನ್ನೂ ನಾನೇ ತೆಗೆಯುತ್ತೇನೆ ಎಂದು ಹೊರಟವಳು ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ನಾನು ನೀರು ಕುಡಿದು ಒಳಗೆ ವಾಪಸ್ ಹೋದಾಗ ಕೇಳಿದಳು:

“ತಾತ ಬೇಡ ಅಂತಿದಾರೆ ಮಾವ. ನಿಮ್ಮಮ್ಮನ ಹಂಗೇ ಆಗುತ್ತೆ ಅಂತ. ಅಮ್ಮಂಗೆ ನಿಜವಾಗ್ಲೂ ಓಡ್ಸೋಕೆ ಬರ್ತಿರ್ಲಿಲ್ವಾ?”

ತಾತ ಎಂದರೆ ನನ್ನ ದೊಡ್ಡಪ್ಪ. ಆ ಬಕೆಟ್ಟುಗಳ ನಡುವೆ ನಿಂತು ಅವಳಿಗೆ ಎಲ್ಲ ಹೇಳಿದೆ. ಬಿಚ್ಚಿದ್ದು, ಹೂಂ ಎಂದದ್ದು, ಮತ್ತೆ ಕಟ್ಟಿದ್ದು. ಅವಳು ಅಳಲಿಲ್ಲ.

“ಅಮ್ಮ ಇದ್ದಾಗ ಹೇಳ್ಬಹುದಿತ್ತು.”

“ಹೂಂ.”

“ನಂಗ್ ಹೇಳಿದ್ರೆ ಸಾಲಲ್ಲ ಮಾವ. ತಾತಂಗೆ ಹೇಳು, ಬೀದಿಯವ್ರಿಗೆ ಹೇಳು.”

ಆಮೇಲೆ ಅಂಗಡಿಯವನ ಕಡೆ ತಿರುಗಿ, ಬಕೆಟ್ ಜೊತೆ ಹಿಂದಿನ ಭಾರವನ್ನೂ ಈಗಲೇ ತೋರಿಸಿ ಎಂದಳು. ವಾಪಸ್ ಬರುವಾಗ ನನ್ನ ಆಟೋ ಹತ್ತಲಿಲ್ಲ. ಬಸ್ಸಿನಲ್ಲಿ ಹೋದಳು. ಇವತ್ತಿನವರೆಗೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಮಾತಾಡದಿರಲಿ.

“ಹೋದವರ ವಿಷಯ ಈಗ್ಯಾಕೆ ಕೆದಕ್ತೀರಾ, ನಮ್ ಮರ್ಯಾದೆ ಹೋಗಲ್ವಾ?” ಎಂದಳು ನನ್ನ ಹೆಂಡತಿ. ಹೋಗಲಿ ಎಂದೆ. ಇಷ್ಟು ವರ್ಷ ಅಕ್ಕನದು ಹೋಗಿತ್ತಲ್ಲ, ಆಗ ಯಾರೂ ಹೀಗೆ ಕೇಳಲಿಲ್ಲ.

ಭಾನುವಾರ ಕೊನೆ ಮನೆಗೆ ಹೋದೆ. ಸಾರ್ ಎಲ್ಲ ಕೇಳಿ, “ಈಗ ಹೇಳಿ ಏನಪ್ಪ ಪ್ರಯೋಜನ? ಗೋಡೆ ಕಟ್ಟಿ ಆಯ್ತಲ್ಲ,” ಎಂದರು. ಗೋಡೆಗಾಗಿ ಬಂದಿಲ್ಲ ಸಾರ್, ಇನ್ನು ಮೇಲೆ ಯಾರಾದರೂ ಅಕ್ಕ ಬೀಳಿಸಿದಳು ಅಂದರೆ ಅಲ್ಲ ಅನ್ನಿ, ತಮ್ಮ ಬೀಳಿಸಿದ ಅನ್ನಿ ಎಂದೆ. ಅವರು ಎದ್ದು ನನ್ನ ಜೊತೆ ಗೇಟಿನವರೆಗೂ ಬಂದು, ಆಗಲಿ ಎಂದರು.

ಅಲ್ಲಿಂದ ದೊಡ್ಡಪ್ಪನ ಮನೆಗೆ. ಜಗಲಿಯ ಮೇಲೆ ಕೂತಿದ್ದರು. ಕಿವಿ ಈಗ ಪೂರ್ತಿ ಮಂದ. ಮೆಲ್ಲಗೆ ಶುರು ಮಾಡಿದೆ.

“ಏನಂದೆ?” ಎಂದರು.

ಇನ್ನೊಂದು ಸಲ ಹೇಳಿದೆ.

“ಗಟ್ಟಿಯಾಗ್ ಹೇಳೋ.”

ದನಿ ಎತ್ತರಿಸಿ ಹೇಳಿದೆ. ಅಕ್ಕ ಸರಿಯಾಗಿ ಓಡಿಸಿದಳು, ಭಾರ ಬಿಚ್ಚಿದವನು ನಾನು, ಸುಳ್ಳು ಹೇಳಿದವನು ನಾನು. ಎದುರು ಮನೆ ಆಂಟಿ ಬಟ್ಟೆ ಹರವುತ್ತಿದ್ದವರು ಹಾಗೇ ನಿಂತರು. ಅಂಗಡಿ ಮುಂದಿದ್ದವರು ತಿರುಗಿದರು. ಪಕ್ಕದ ಮನೆಯ ಕಿಟಕಿ ತೆರೆಯಿತು. ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಕೇಳಿಸಿಕೊಳ್ಳಬೇಕಾಗಿದ್ದವಳೊಬ್ಬಳು ಇರಲಿಲ್ಲ.