ಅಕ್ಕ ತಳ್ಳಿದ ಕಾರು

ಏಕಾಂತಯ್ಯ ಕಾರು ತಂದಾಗ ಜಯನಗರದ ಮೂರನೇ ಬ್ಲಾಕಿನ ಆ ಬೀದಿಯಲ್ಲಿ ಇದ್ದದ್ದೇ ಏಳೆಂಟು ಮನೆ. ಉಳಿದದ್ದೆಲ್ಲ ಖಾಲಿ ಸೈಟು, ತುಂಬೆ ಗಿಡ, ಅಲ್ಲಲ್ಲಿ ಸೈಜುಗಲ್ಲಿನ ರಾಶಿ. ಕಾರಿನ ಸದ್ದಿಗೆ ಆ ಏಳೆಂಟು ಮನೆಯವರೂ ಹೊರಗೆ ಬಂದು ನಿಂತರು. ಕೆಂಪು ಬಣ್ಣದ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಅನ್ನುವಷ್ಟು ತಗ್ಗಿನ, ಎರಡೇ ಸೀಟಿನ ವಿಲಾಯಿತಿ ಗಾಡಿ. ಮೇಲೆ ಗಟ್ಟಿ ಚಾವಣಿ ಇಲ್ಲ, ಬೇಕಾದಾಗ ಎಳೆದುಕೊಳ್ಳುವ ಕ್ಯಾನ್ವಾಸಿನ ಮುಸುಕು ಮಾತ್ರ. ಚಹಾ ಕಂಪನಿಯ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ್ದು.

ಅಕ್ಕ ಬಸವಲಿಂಗಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಕಾರನ್ನು ಒಂದು ಸುತ್ತು ಹಾಕಿ ನೋಡಿದಳು.

"ಇಷ್ಟೇನೇನೋ? ಹಿಂದಿನ ಭಾಗ ಆಮೇಲೆ ಬರುತ್ತಾ?"

"ಇದು ಸ್ಪೋರ್ಟ್ಸ್ ಕಾರು ಅಕ್ಕ. ಹೀಗೇ ಇರೋದು."

"ಸರಿ ಬಿಡು. ನಾವಿರೋದೂ ಇಬ್ಬರೇ."

ಅದು ನಿಜ. ಗುಬ್ಬಿಯಲ್ಲಿ ಚಿಕ್ಕಪ್ಪನ ಮಗಳೊಬ್ಬಳನ್ನು ಬಿಟ್ಟರೆ ಅವರಿಬ್ಬರಿಗೆ ಬೇರೆ ಯಾರೂ ಇರಲಿಲ್ಲ. ಬಸವಲಿಂಗಮ್ಮನಿಗೆ ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡಿದ್ದ. ಗುಬ್ಬಿಯ ತವರಿಗೆ ಬಂದರೆ ಅಲ್ಲಿ ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ಆಗ ಏಕಾಂತಯ್ಯ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ಅಕ್ಕ ತುಮಕೂರಿನ ಒಂದು ವಿದ್ಯಾರ್ಥಿನಿಲಯದ ಅಡುಗೆಮನೆ ಸೇರಿದಳು. ಅಲ್ಲಿ ನೂರಾರು ಹುಡುಗರಿಗೆ ಮುದ್ದೆ ತಿರುವಿ, ತಮ್ಮನನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿ, ಓದಿಸಿ, ಬೆಂಗಳೂರಿನ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸು ಸೇರುವವರೆಗೆ ತಂದು ಬಿಟ್ಟಳು. ಆ ಕೈಗಳಿಗೆ ಬಿಸಿ ತಾಗುವುದೇ ನಿಂತುಹೋಗಿತ್ತು. ಉರಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು.

ಏಕಾಂತಯ್ಯ ಕೆಟ್ಟವನಲ್ಲ. ಅಕ್ಕನ ಮೇಲೆ ಜೀವ ಇಟ್ಟುಕೊಂಡಿದ್ದವನೇ. ಆದರೆ ಡ್ರಾಯಿಂಗ್ ಆಫೀಸಿನಲ್ಲಿ ಎಲ್ಲರೂ ಅಪ್ಪ ವಕೀಲ, ಮಾವ ಅಮಲ್ದಾರ ಎಂದು ಮಾತಾಡುವಾಗ ಅವನು ಪೆನ್ಸಿಲ್ ಚೂಪು ಮಾಡುತ್ತಾ ಕೂರುತ್ತಿದ್ದ. ಮೂವತ್ತನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದವನು ಕೆಂಪು ಕಾರಿನಲ್ಲಿ ಬಂದಿಳಿದ ದಿನ ಇಡೀ ಆಫೀಸು ಕಿಟಕಿಗೆ ಬಂತು. ಮುಖ್ಯಸ್ಥರಾದ ಅನಂತಪದ್ಮನಾಭ ಅವರೇ ಕೆಳಗಿಳಿದು ಬಂದು, "ಏನ್ರೀ ಏಕಾಂತಯ್ಯ, ನೀವು ಇಂಥಾ ರಸಿಕರು ಅಂತ ಗೊತ್ತೇ ಇರ್ಲಿಲ್ವಲ್ಲ!" ಎಂದು ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಅಲ್ಲಿಂದ ಮುಂದೆ ಅವರು ಅವನನ್ನು ಹೆಸರು ಹಿಡಿದು ಕರೆಯತೊಡಗಿದರು.

ಕಾರು ಮೂರು ತಿಂಗಳು ಹೂವಿನ ಹಾಗೆ ಓಡಿತು. ಆಮೇಲೆ ಶುರುವಾಯಿತು ಅದರ ರಂಪ. ಮೊದಲು ರೇಡಿಯೇಟರ್ ಸೋರಿತು. ಅದಕ್ಕೆ ಬೆಸುಗೆ ಹಾಕಿಸಿದರೆ ನೀರಿನ ಪಂಪು ಹೋಯಿತು. ಗಾಡಿಗೆ ಎರಡೆರಡು ಕಾರ್ಬುರೇಟರು. ಒಂದು ಸರಿಹೋದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ರಸ್ತೆಯ ಹಳ್ಳಕ್ಕೆಲ್ಲ ಸೈಲೆನ್ಸರ್ ಬಡಿದು ಕಳಚಿಕೊಳ್ಳುತ್ತಿತ್ತು. ಹೊರದೇಶದ ಸಾಮಾನು ಬರುವುದು ಆ ಕಾಲದಲ್ಲಿ ದುಸ್ತರ. ಮದರಾಸಿಗೆ ಬರೆದು, ಮುಂಬಯಿಗೆ ಬರೆದು, ತಿಂಗಳುಗಟ್ಟಲೆ ಕಾದು, ಕೊನೆಗೆ ಲೇತಿನ ಮೇಲೆ ಇಲ್ಲೇ ಮಾಡಿಸಬೇಕು. ಮಾಡಿಸಿದ್ದು ಕೂರುತ್ತಿರಲಿಲ್ಲ.

ಸಿದ್ದಾಪುರದಲ್ಲಿ ತನ್ನ ಹಳೆಯ ತರಕಾರಿ ತೋಟದ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಬೋರಣ್ಣ ಅವನ ಮೆಕ್ಯಾನಿಕ್ಕು. ಲಾರಿ ರಿಪೇರಿಯಲ್ಲಿ ಪಳಗಿದವನು. ಇಂಥ ಗಾಡಿಯನ್ನು ಅವನೂ ಹಿಂದೆ ಕಂಡವನಲ್ಲ, ಆದರೆ ಕಂಡ ದಿನವೇ ಮನಸೋತುಬಿಟ್ಟಿದ್ದ.

"ಈ ಸಲ ಪಕ್ಕಾ ಆಗ್ಬಿಡ್ತದೆ ಸಾರ್. ಇದೊಂದು ಬಿಚ್ಚಿ ನೋಡ್ಬಿಡಾಣ," ಎನ್ನುತ್ತಿದ್ದ ಪ್ರತಿ ಸಲವೂ. ಬಿಚ್ಚಿದ್ದನ್ನು ಮತ್ತೆ ಕೂಡಿಸುವಾಗ ಒಂದೆರಡು ತಿರುಪು ಕೈಯಲ್ಲೇ ಉಳಿಯುತ್ತಿದ್ದವು. ಇಬ್ಬರೂ ಅವನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ಡಬ್ಬಿಗೆ ಹಾಕಿಬಿಡುತ್ತಿದ್ದರು.

ಸಂಬಳ ಬಂದಷ್ಟೂ ಶೆಡ್ಡಿನ ದಾರಿ ಹಿಡಿಯಿತು. ಮನೆಗೆ ಕಾಂಪೌಂಡು ಕಟ್ಟಿಸುವುದು ನಿಂತಿತು. ಭೈರಸಂದ್ರದ ದನಗಳು ಬಂದು ಬಸವಲಿಂಗಮ್ಮನ ದಾಸವಾಳ ಮೇದು ಹೋದವು. ಹಬ್ಬಕ್ಕೆ ಸೀರೆ ಎಂದಾಗ ಅವಳೇ, "ಇರೋವೇ ಹರೀತಿಲ್ಲ, ಮೊದ್ಲು ನಿನ್ನ ಗಾಡಿಗೆ ಏನೋ ಬೇಕು ಅಂತಿದ್ಯಲ್ಲ, ತಗೋ" ಅಂದಳು. ಅವನು ತಗೊಂಡ. ತಗೊಳ್ಳುವಾಗ ಅವಳ ಮುಖ ನೋಡಲಿಲ್ಲ.

ಇಷ್ಟಾದರೂ ಆಫೀಸಿನಲ್ಲಿ ಯಾರಾದರೂ "ಗಾಡಿ ಹೇಗಿದೆ?" ಎಂದರೆ, "ಫಸ್ಟ್ ಕ್ಲಾಸ್" ಎನ್ನುತ್ತಿದ್ದ. ಶೆಡ್ಡಿನಲ್ಲಿದ್ದ ದಿನ ಬಸ್ಸು ಹತ್ತಿ, ಒಂದು ಸ್ಟಾಪು ಮೊದಲೇ ಇಳಿದು ನಡೆದು ಹೋಗುತ್ತಿದ್ದ. ಇವತ್ತು ವ್ಯಾಯಾಮಕ್ಕೆ ನಡೆದು ಬಂದೆ ಎಂದು ಹೇಳಿಕೊಳ್ಳಲು.

ಬಸವಲಿಂಗಮ್ಮ ಆ ಕಾರಿನಲ್ಲಿ ಕೂತದ್ದು ಎರಡೋ ಮೂರೋ ಸಲ. ಒಂದು ಶುಕ್ರವಾರ ಆಫೀಸಿಗೆ ರಜೆ ಇತ್ತು. "ಬನಶಂಕರಿ ಅಮ್ಮನ ಗುಡಿಗೆ ಕರ್ಕೊಂಡು ಹೋಗೋ" ಎಂದು ಅವಳೇ ಬಾಯಿಬಿಟ್ಟು ಕೇಳಿದಳು. ಕನಕಪುರದ ರಸ್ತೆಯಲ್ಲಿ ಆಗ ಊರು ಅನ್ನುವಂಥದ್ದು ಏನೂ ಇರಲಿಲ್ಲ. ಎರಡು ಕಡೆಯೂ ಹುಣಿಸೆ ಮರ, ರಾಗಿ ಹೊಲ. ಬಸವಲಿಂಗಮ್ಮ ಗಾಳಿಗೆ ಸೆರಗು ಹಿಡಿದುಕೊಂಡು ಚಿಕ್ಕ ಹುಡುಗಿಯಂತೆ ನಗುತ್ತಿದ್ದಳು. ಪೂಜೆ ಮುಗಿಸಿ ಹೊರಟು ಅರ್ಧ ಮೈಲಿ ಬಂದಿರಲಿಲ್ಲ, ಕಾರು ಎರಡು ಸಲ ಕೆಮ್ಮಿ ಏರಿನ ತುದಿಯ ಹತ್ತಿರ ನಿಂತುಬಿಟ್ಟಿತು.

ಸೆಲ್ಫು ಹಿಡಿಯಲಿಲ್ಲ. ಹ್ಯಾಂಡಲ್ ಹಾಕಿ ಕೈ ಬೊಬ್ಬೆ ಬರುವವರೆಗೆ ತಿರುಗಿಸಿದ. ಸುತ್ತ ಒಂದು ನರಪಿಳ್ಳೆ ಇಲ್ಲ.

"ತಳ್ಳಿದ್ರೆ ಹತ್ತುತ್ತಾ?" ಎಂದಳು ಅಕ್ಕ.

"ಹತ್ತುತ್ತೆ. ಆದ್ರೆ ಕ್ಲಚ್ಚು ಬಿಡೋಕೆ ನಾನು ಒಳಗೆ ಇರ್ಬೇಕು."

"ಇರು ಮತ್ತೆ." ಅವಳು ಸೆರಗು ಸೊಂಟಕ್ಕೆ ಬಿಗಿದು, ಚಪ್ಪಲಿ ಕಾರಿನೊಳಗೆ ಹಾಕಿ, ಹಿಂದೆ ಹೋಗಿ ತಳ್ಳತೊಡಗಿದಳು. ಏರು ಮುಗಿಯುವವರೆಗೆ ಕಾರು ಅಂಗುಲ ಅಂಗುಲವಾಗಿ ಸರಿಯಿತು. ಅವನು ಒಮ್ಮೆ ಕ್ಲಚ್ಚು ಬಿಟ್ಟಾಗ ಇಂಜಿನ್ನು ಹತ್ತಲಿಲ್ಲ, ಹೊಗೆಕೊಳವೆಯಿಂದ ಮಸಿ ಭುಸ್ಸೆಂದು ಅವಳ ಮುಖಕ್ಕೆ, ಮಾಸಲು ಬಿಳಿ ಸೀರೆಗೆ ಹೊಡೆಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಕಪ್ಪು ಕಾರು ಬಂದು ನಿಂತಿತು. ಇಳಿದವರು ಅನಂತಪದ್ಮನಾಭ. ಜೊತೆಗೆ ಅವರ ಹೆಂಡತಿ ಚೂಡಾಮಣಿ, ಕೈಯಲ್ಲಿ ಗುಡಿಯ ಹಣ್ಣುಕಾಯಿ.

"ಏನ್ರೀ ಇದು ಏಕಾಂತಯ್ಯ! ಫಸ್ಟ್ ಕ್ಲಾಸ್ ಗಾಡಿ ಹೀಗೆ ನಿಂತುಬಿಡೋದೇ?" ಎಂದು ನಕ್ಕರು. ಆಮೇಲೆ ಹಿಂದಕ್ಕೆ ನೋಡಿ, "ಯಾರ್ರೀ ಅದು ಪಾಪ, ತಳ್ತಾ ಇರೋದು?"

ಏಕಾಂತಯ್ಯ ಕನ್ನಡಿಯಲ್ಲಿ ನೋಡಿದ. ಮಸಿ ಹಿಡಿದ ಮುಖ, ಬರಿಗೈ, ಬರಿಗಾಲು, ಬಿಗಿದ ಸೆರಗು.

"ಮನೇಲಿ ಅಡುಗೆ ಮಾಡೋರು ಸಾರ್," ಎಂದುಬಿಟ್ಟ.

ಸಾಹೇಬರ ಡ್ರೈವರು ಬಂದು ಕೈಕೊಟ್ಟ. ಇಳಿಜಾರಿನಲ್ಲಿ ಕಾರು ಹತ್ತಿತು. ಇಂಜಿನ್ನು ಆರಿಹೋಗುತ್ತದೆಂಬ ಭಯವೋ, ಇನ್ನೇನೋ, ಏಕಾಂತಯ್ಯ ನಿಲ್ಲಿಸದೆ ಮುಂದೆ ಹೋಗಿ ಒಂದು ಹುಣಿಸೆ ಮರದ ಮರೆಯಲ್ಲಿ ಕಾದ. ಕಪ್ಪು ಕಾರು ದಾಟಿ ಹೋಯಿತು. ಬಹಳ ಹೊತ್ತಿನ ಮೇಲೆ ಅಕ್ಕ ಬಿಸಿ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದು ಬಂದಳು. ಚಪ್ಪಲಿ ಕಾರಿನಲ್ಲೇ ಇದ್ದವು.

"ಸೀರೆಯೆಲ್ಲ ಮಸಿಯಾಯ್ತು," ಎಂದಳು ಕೂರುತ್ತಾ. ಅಂಗಾಲು ಒರೆಸಿ ಚಪ್ಪಲಿ ಮೆಟ್ಟಿಕೊಂಡಳು.

ಅವಳಿಗೆ ಕೇಳಿಸಿತೋ ಇಲ್ಲವೋ ಎಂಬುದೊಂದೇ ಅವನ ತಲೆಯಲ್ಲಿ ಕೊರೆಯತೊಡಗಿತು. ಅಕ್ಕ ಎಂದಿನಂತೆ ಎದ್ದು ಎಂದಿನಂತೆ ರೊಟ್ಟಿ ತಟ್ಟಿದಳು. ಕೇಳಿಸಿರಲಿಕ್ಕಿಲ್ಲ, ಸಾಹೇಬರ ಕಾರಿನ ಇಂಜಿನ್ನಿನ ಸದ್ದಿತ್ತು ಎಂದು ಸಮಾಧಾನ ಮಾಡಿಕೊಂಡ. ತಾನು ಹೇಳಿದ್ದರಲ್ಲಿ ಸುಳ್ಳೇನಿದೆ, ಮನೆಯಲ್ಲಿ ಅಡುಗೆ ಮಾಡುವವಳು ಅವಳೇ ಅಲ್ಲವೇ ಎಂದೂ ಅಂದುಕೊಂಡ. ಹಾಗೆ ಅಂದುಕೊಂಡಾಗಲೆಲ್ಲ ಊಟ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆಯುತ್ತಿದ್ದ.

ಕೆಲವು ವಾರಗಳ ನಂತರ ಒಂದು ಭಾನುವಾರ, ಅವನು ಒಳಗೆ ಪೇಪರ್ ಓದುತ್ತಾ ಕೂತಿದ್ದಾಗ ಹೊರಗೆ ಕಾರು ನಿಂತ ಸದ್ದು ಕೇಳಿತು. ಕಿಟಕಿಯಿಂದ ನೋಡಿದರೆ ಅನಂತಪದ್ಮನಾಭ ದಂಪತಿ. ಹತ್ತಿರದಲ್ಲೇ ಸೈಟು ನೋಡಲು ಬಂದವರು, ಹಾಗೇ ಇಳಿದಿದ್ದರು. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಬಸವಲಿಂಗಮ್ಮನ ಕೈಗೆ ಚೂಡಾಮಣಿ ಬಾಳೆಹಣ್ಣಿನ ಚೀಲ ಕೊಟ್ಟು, "ಇದನ್ನ ಒಳಗಿಟ್ಟು ನಿಮ್ಮ ಯಜಮಾನ್ರನ್ನ ಕರೆಯಮ್ಮ," ಎಂದಳು.

ಏಕಾಂತಯ್ಯ ಪೇಪರ್ ಹಿಡಿದು ಕಿಟಕಿಯ ಬಳಿಯೇ ನಿಂತ. ಅಕ್ಕ ಒಂದು ಗಳಿಗೆ ಚೀಲ ಹಿಡಿದು ನಿಂತಳು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು, ತಲೆ ತಗ್ಗಿಸಿ ಒಳಗೆ ಬಂದು, ಅವನ ಕೋಣೆಯ ಬಾಗಿಲಲ್ಲಿ ನಿಂತು ಹೊರಗಿನವರಿಗೂ ಕೇಳುವಂತೆ ಹೇಳಿದಳು:

"ಬುದ್ಧಿ, ನಿಮ್ಮ ಆಪೀಸಿನ ಸಾಹೇಬ್ರು ಬಂದವ್ರೆ."

ಹುಟ್ಟಿದಂದಿನಿಂದ ಅವನನ್ನು "ಏಕಾಂತ, ಬಾರೋ, ತಿನ್ನೋ" ಎಂದವಳು. ಅವಳಿಗೆ ಎಲ್ಲವೂ ಕೇಳಿಸಿತ್ತು.

ಸಾಹೇಬರು ಕುರ್ಚಿಯಲ್ಲಿ ಕೂತರು, ಹೊಸ ಬಡಾವಣೆಯ ನೀರಿನ ತೊಂದರೆ ಮಾತಾಡಿದರು. ಏಕಾಂತಯ್ಯ ಹೂಂ ಹೂಂ ಎನ್ನುತ್ತಿದ್ದ. ಈಗ ಹೇಳಬೇಕು, ಈ ಮಾತು ಮುಗಿದ ಮೇಲೆ ಹೇಳಬೇಕು ಎಂದುಕೊಳ್ಳುತ್ತಲೇ ಇದ್ದ. ಬಸವಲಿಂಗಮ್ಮ ತಟ್ಟೆಯಲ್ಲಿ ಕಾಫಿ ತಂದು ಮೊದಲು ಅತಿಥಿಗಳಿಗೆ, ಆಮೇಲೆ ತಮ್ಮನಿಗೆ ಕೊಟ್ಟು, ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ಅವನು ಲೋಟ ಎತ್ತಿದ. ಕುಡಿದ.

"ಕಾಫಿ ಬಹಳ ಚೆನ್ನಾಗಿದೆ," ಎಂದಳು ಚೂಡಾಮಣಿ ಒಳ್ಳೆಯ ಮನಸ್ಸಿನಿಂದಲೇ. "ಇಂಥ ಕೆಲಸದವರು ಈಗ ಎಲ್ಲಿ ಸಿಕ್ತಾರೆ? ಏನಮ್ಮಾ, ನಮ್ಮನೆಗೂ ನಿನ್ನ ಕಡೆಯವರು ಯಾರನ್ನಾದ್ರೂ ಕಳಿಸ್ತೀಯಾ?"

"ನೋಡ್ತೀನಿ ಅಮ್ಮಾ," ಎಂದಳು ಬಸವಲಿಂಗಮ್ಮ.

ಏಕಾಂತಯ್ಯ ಎದ್ದು ನಿಂತ. ಲೋಟ ಉರುಳಿ ಉಳಿದ ಕಾಫಿ ಚೆಲ್ಲಿತು.

"ಕೆಲಸದವರಲ್ಲ," ಎಂದ. "ನಮ್ಮಕ್ಕ ಸಾರ್. ನನ್ನನ್ನ ಸಾಕಿದವಳು. ಅವತ್ತು ರಸ್ತೇಲಿ ನಾನು... ಸುಳ್ಳು ಹೇಳಿದೆ."

ಚೂಡಾಮಣಿಯ ಮುಖ ಕೆಂಪಾಯಿತು. ಅವಳು ಎದ್ದು ಹೋಗಿ ಬಸವಲಿಂಗಮ್ಮನ ಎರಡೂ ಕೈ ಹಿಡಿದು, "ತಪ್ಪಾಯ್ತು, ನನಗೆ ಗೊತ್ತಿರ್ಲಿಲ್ಲ," ಎಂದಳು. "ನಿಮ್ಮದೇನು ತಪ್ಪು ತಾಯಿ, ಕೂತ್ಕೊಳ್ಳಿ," ಎಂದಳು ಬಸವಲಿಂಗಮ್ಮ. ಆದರೆ ಅವರು ಕೂರಲಿಲ್ಲ. ಅನಂತಪದ್ಮನಾಭ ಹೋಗುವಾಗ ಏಕಾಂತಯ್ಯನ ಮುಖ ನೋಡದೆ, ಅವನ ಅಕ್ಕನಿಗೆ ಮಾತ್ರ ಕೈ ಮುಗಿದು ಹೋದರು. ಆಫೀಸಿನಲ್ಲಿ ಆಮೇಲೆ ಅವರು ಅವನನ್ನು ಹೆಸರು ಹಿಡಿದು ಕರೆಯಲಿಲ್ಲ.

ಏಕಾಂತಯ್ಯ ಅಕ್ಕನ ಕಾಲ ಬಳಿ ಕುಸಿದು ಕೂತ. ಅವಳು ಚೆಲ್ಲಿದ ಕಾಫಿ ಒರೆಸುತ್ತಿದ್ದಳು.

"ಅವತ್ತೇ ಕೇಳಿಸ್ತಾ ಅಕ್ಕ?"

"ನಾನೇನು ಕಿವುಡೀನಾ?"

"ಮತ್ತೆ ಬಯ್ಯಲಿಲ್ಲ ಯಾಕೆ?"

"ರಸ್ತೇಲಿ ಅಂದಿದ್ದು ಬಾಯಿ ತಪ್ಪಿ ಬಂದಿದ್ದು ಅನ್ಕೊಂಡೆ. ಗಾಬರೀಲಿ ಮನುಷ್ಯ ಏನೋ ಅಂತಾನೆ." ಅವಳು ಬಟ್ಟೆ ಹಿಂಡಿದಳು. "ಇವತ್ತು ನನ್ನನ್ನ ನೆಲದ ಮೇಲೆ ಕೂರಿಸಿ ಕಾಫಿ ಕುಡಿದ್ಯಲ್ಲೋ ಏಕಾಂತ. ಅದು ಬಾಯಿ ತಪ್ಪಿದ್ದಲ್ಲ."

ಮರುದಿನ ಅವಳು ಗುಬ್ಬಿಗೆ, ಚಿಕ್ಕಪ್ಪನ ಮಗಳ ಮನೆಗೆ ಹೊರಟಳು. ಅವನು ರೈಲಿಗೆ ಬಿಡಲು ಬಂದರೆ ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ.

ಆ ತಿಂಗಳೇ ಅವನು ಕಾರು ಮಾರಿದ. ಕೊಳ್ಳಲು ಬಂದವನು ಹನುಮಂತನಗರದ ಒಬ್ಬ ಯುವ ವ್ಯಾಪಾರಿ. "ಗಾಡಿ ಹೇಗಿದೆ?" ಎಂದು ಕೇಳಿದಾಗ ಏಕಾಂತಯ್ಯ ರೇಡಿಯೇಟರಿನಿಂದ ಹಿಡಿದು ಡಬ್ಬಿಯಲ್ಲಿ ಉಳಿದ ತಿರುಪಿನವರೆಗೆ ಒಂದೂ ಬಿಡದೆ ಹೇಳಿದ. ಬೋರಣ್ಣ ಪಕ್ಕದಲ್ಲಿ ನಿಂತು, "ಸಾರ್ ತಮಾಷೆ ಮಾಡ್ತಾವ್ರೆ," ಎಂದು ಬಾಯಿ ಮುಚ್ಚಿಸಲು ನೋಡಿದ. ಕೇಳಿಸಿಕೊಂಡವನ ಕಣ್ಣು ಮಾತ್ರ ಕೆಂಪು ಬಾನೆಟ್ಟಿನ ಮೇಲೇ ಇತ್ತು. ಏಕಾಂತಯ್ಯನಿಗೆ ಆ ನೋಟದ ಗುರುತು ಸಿಕ್ಕಿತು, ಅಯ್ಯೋ ಎನಿಸಿತು. ಇನ್ನೊಮ್ಮೆ ಹೇಳಿದ. ಅವನು ಕೊಂಡೇ ಹೋದ.

ಗುಬ್ಬಿಗೆ ಹೋಗಿ ಅಕ್ಕನ ಮುಂದೆ ನಿಂತು, "ಕಾರು ಮಾರಿಬಿಟ್ಟೆ," ಎಂದ.

"ಯಾಕೆ? ಕಾರು ಏನು ಮಾಡ್ತು? ಕೆಟ್ಟು ನಿಲ್ಲೋದು ಅದರ ಹಣೇಬರಹ. ಆಡಿದ್ದು ನೀನು."

ಬರಿಗೈಯಲ್ಲಿ ವಾಪಸು ಬಂದ. ಮತ್ತೆ ಹೋದ. ಗೌರಿ ಹಬ್ಬ ಕಳೆದ ಮೇಲೆ, ಯಾರೂ ಕರೆಯದೆ, ಒಂದು ಬೆಳಿಗ್ಗೆ ಅವಳೇ ಗಂಟು ಹಿಡಿದು ಬಂದಿಳಿದಳು. ಒಲೆ ನೋಡಿ, "ಅಯ್ಯೋ, ಏನು ಗಲೀಜು ಮಾಡಿಟ್ಟಿದೀಯೋ," ಎಂದಳು. ಅಷ್ಟರ ಮಟ್ಟಿಗೆ ಕ್ಷಮಿಸಿದಳು ಎಂದು ತಿಳಿಯಬೇಕು. ಪೂರ್ತಿ ಕ್ಷಮಿಸಿದಳೆಂದು ಅವನಿಗೆ ಎಂದೂ ಅನ್ನಿಸಲಿಲ್ಲ.

ಅಲ್ಲಿಂದ ಅವನಿಗೊಂದು ಚಾಳಿ ಅಂಟಿಕೊಂಡಿತು. ಮನೆಗೆ ಯಾರು ಬರಲಿ, ಅಂಚೆಯವನು, ಕರೆಂಟು ರಿಪೇರಿಯವನು, ದಾರಿ ಕೇಳಲು ನಿಂತವನು, ಅವರು ಬಾಯಿ ತೆರೆಯುವ ಮೊದಲೇ, "ಇವರು ನಮ್ಮಕ್ಕ, ಬಸವಲಿಂಗಮ್ಮ ಅಂತ," ಎನ್ನುತ್ತಿದ್ದ. ಹೇಳುವಾಗ ಪ್ರತಿ ಸಲವೂ ಕಿವಿ ಬಿಸಿಯಾಗುತ್ತಿತ್ತು. ಬೀದಿಯವರು ನಗುತ್ತಿದ್ದರು. ಕೊನೆಕೊನೆಗೆ ಬಸವಲಿಂಗಮ್ಮನಿಗೇ ರೇಗುತ್ತಿತ್ತು.

"ಸಾಕು ಸುಮ್ನಿರೋ," ಎನ್ನುತ್ತಿದ್ದಳು. "ಸೊಪ್ಪಿನವಳಿಗೆ ನಾನ್ಯಾರಾದ್ರೆ ಏನು? ಮೊದ್ಲು ಚಿಲ್ಲರೆ ಕೊಡು, ಬಿಸಿಲಲ್ಲಿ ನಿಂತಿದಾಳೆ."