ಒಂಬತ್ತನೇ ಕಂತಿನ ಬಾಲ

ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಕಣಿವೆಯೂರು ಹ್ಯಾಸ್ಲಿಂಗ್ಡನ್ನಿನ ಕ್ಲಿಫರ್ಡ್ ಶಟಲ್‌ವರ್ತ್ ತನ್ನ ಎಪ್ಪತ್ತೆರಡು ವರ್ಷದಲ್ಲಿ ದೊಡ್ಡ ಸುಳ್ಳು ಅಂತ ಹೇಳಿದ್ದು ಒಂದೇ, ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ. ಹಳೇ ಟೀವಿ ಬಳಗಕ್ಕೆ ಸೇರುವಾಗ ತುಂಬಿದ ಹಾಳೆಯಲ್ಲಿ, ಹಿಂದೆ ಮಾಡಿದ ಕೆಲಸಗಳು ಎಂಬಲ್ಲಿ, "ಗೋದಾಮು, ನೀರಿನ ಕಚೇರಿ" ಎಂದು ಬರೆದು ಕೊಟ್ಟಿದ್ದ. ಗೋದಾಮು ಹೌದು. ಎಂಥ ಗೋದಾಮು, ಅಲ್ಲೇನಿತ್ತು, ಇವನು ಅದನ್ನು ಏನು ಮಾಡುತ್ತಿದ್ದ ಎಂದು ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಅಪ್ಪ ಅಮ್ಮ ಇಬ್ಬರೂ ಕಣಿವೆಯ ಚಪ್ಪಲಿ ಕಾರ್ಖಾನೆಯಲ್ಲಿ ಸವೆದವರು. ಮಗನಾದರೂ ಅಂಟಿನ ವಾಸನೆಯಿಂದ ದೂರ ಇರಲಿ ಎಂಬುದು ಅವರ ಆಸೆ. ಇಪ್ಪತ್ತೊಂದು ತುಂಬುವ ಹೊತ್ತಿಗೆ ಅವನಿಗೆ ಮ್ಯಾಂಚೆಸ್ಟರಿನ ಒಂದು ಟೀವಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆ ಕಂಪನಿ ಈಗಿಲ್ಲ, ಹೆಸರು ಬೇಡ. "ನಮ್ಮ ಕ್ಲಿಫ್ ಟೀವಿಯೊಳಗ ಅದಾನ" ಎಂದು ಅಮ್ಮ ಬೀದಿಗೆಲ್ಲ ಸಾರಿಕೊಂಡು ಬಂದಳು. ಬೀದಿಯವರು ತಿಂಗಳುಗಟ್ಟಲೆ ಪೆಟ್ಟಿಗೆಯ ಮುಂದೆ ಕೂತು ಅವನ ಮುಖ ಹುಡುಕಿದರು. ಅವನು ಕೆಲಸ ಮಾಡುತ್ತಿದ್ದುದು ಕಂಪನಿಯ ನೆಲಮಾಳಿಗೆಯಲ್ಲಿ.

ನೆಲಮಾಳಿಗೆಯ ತುಂಬ ಟೇಪುಗಳು. ಮೂರು ಬೆರಳಗಲದ ಪಟ್ಟಿ, ಸುರುಳಿ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಆ ಕಾಲಕ್ಕೆ ಟೇಪು ಬಲು ದುಬಾರಿ, ಒಮ್ಮೆ ತೋರಿಸಿದ ನಾಟಕವನ್ನು ಮತ್ತೊಮ್ಮೆ ಯಾವನು ನೋಡುತ್ತಾನೆ ಎಂಬುದು ಮೇಲಿನವರ ತಿಳುವಳಿಕೆ. ಊಟವಾದ ತಟ್ಟೆ ತೊಳೆದು ಮತ್ತೆ ಬಡಿಸುವಂತೆ, ಟೇಪನ್ನು ಅಳಿಸಿ ಮತ್ತೆ ತುಂಬುವುದು. ಯಾವುದನ್ನು ಅಳಿಸಬೇಕೆಂದು ಮೇಲಿಂದ ಚೀಟಿ ಬರುತ್ತಿತ್ತು. ಚೀಟಿಯಲ್ಲಿದ್ದದ್ದೂ ಡಬ್ಬಿಯಲ್ಲಿದ್ದದ್ದೂ ಒಂದೇ ಹೌದೋ ಎಂದು ನೋಡಲು ಮೊದಲ ಎರಡು ನಿಮಿಷ ಓಡಿಸಬೇಕು, ಆಮೇಲೆ ಸರ್ರನೆ ಸುತ್ತಿ ಕೊನೆಯ ಎರಡು ನಿಮಿಷ. ತಲೆ ನೋಡು, ಬಾಲ ನೋಡು, ಅಳಿಸು. ಕ್ಲಿಫರ್ಡ್ ಐದು ವರ್ಷ ಮಾಡಿದ್ದು ಇದನ್ನೇ. ಆಮೇಲೆ ಬೆರಿಲ್ ಎಂಬ ಹುಡುಗಿಯನ್ನು ಮದುವೆಯಾಗಿ, ಊರಿಗೇ ಮರಳಿ, ನೀರಿನ ಕಚೇರಿಯಲ್ಲಿ ಕೊಳವೆ ರಿಪೇರಿಗೆ ಸೇರಿ, ಅಲ್ಲೇ ನಿವೃತ್ತನಾದ.

ನಿವೃತ್ತನಾದ ವರ್ಷವೇ ಹಳೇ ಟೀವಿ ಬಳಗಕ್ಕೆ ಸೇರಿದ. ತಾನೇ ಕಡಿದ ಮರದ ನೆರಳು ಹುಡುಕಿಕೊಂಡು ಹೋದ ಎಂದು ಬೇಕಾದರೆ ಅನ್ನಿ. ಮೆಥಡಿಸ್ಟ್ ಚರ್ಚಿನ ಹಿಂದಿನ ಹಾಲಿನಲ್ಲಿ ತಿಂಗಳ ಮೂರನೇ ಶನಿವಾರ "ಟೀವಿ ಸಂಜೆ" ನಡೆಯುತ್ತದೆ. ಹೆಸರಿಗೆ ಸಂಜೆ, ಶುರುವಾಗುವುದು ಮಧ್ಯಾಹ್ನ ಎರಡಕ್ಕೆ. ಏಳರ ನಂತರ ಗುಡ್ಡದ ಮೇಲಿನ ಬೀದಿಗಳಿಗೆ ಬಸ್ಸಿಲ್ಲ, ಏಳರ ನಂತರ ಎಚ್ಚರವಿರುವ ಸದಸ್ಯರೂ ಕಡಿಮೆ. ಪರದೆ ಎಳೆದು ಕತ್ತಲು ಮಾಡಿಕೊಂಡು, ಅರವತ್ತರ ದಶಕದ ಯಾವುದಾದರೊಂದು ದಿನ ಆರಿಸಿ, ಆ ಸಂಜೆ ಬಂದಿದ್ದನ್ನೆಲ್ಲ ಬಂದ ಕ್ರಮದಲ್ಲೇ, ಸೋಪಿನ ಪುಡಿಯ ಜಾಹೀರಾತನ್ನೂ ಬಿಡದೆ ತೋರಿಸುತ್ತಾರೆ. ಕೊನೆಗೆ, ಆಗ ಟೀವಿ ಮುಗಿಯುತ್ತಿದ್ದ ಹಾಗೇ, ರಾಣಿಯನ್ನು ಹರಸುವ ರಾಷ್ಟ್ರಗೀತೆ. ರಾಣಿಯನ್ನು ಕಂಡರಾಗದವರೂ ಆಗ ಎದ್ದು ನಿಲ್ಲುತ್ತಾರೆ, ಅಷ್ಟು ಹೊತ್ತು ಮಡಚಿದ್ದ ಮಂಡಿ ಬಿಡಿಸಲು ಅದೊಂದು ನೆಪ. ನಡುವೆ ಬಿಡುವಿನಲ್ಲಿ ಆಲೂಗಡ್ಡೆ ಪೈ, ಹುಳಿಯಲ್ಲಿ ನೆನೆಸಿದ ಕೆಂಪು ಕೋಸು, ಚಹಾ. ಚಹಾದ ಉಸ್ತುವಾರಿ ಕ್ಲಿಫರ್ಡ್ ಮತ್ತು ಬೆರಿಲ್‌ದು.

ಬಳಗದ ಅಧ್ಯಕ್ಷ ಜೆರಾಲ್ಡ್ ಹಿಂಡ್ಲ್, ಇತಿಹಾಸದ ಮೇಷ್ಟ್ರಾಗಿದ್ದವನು. ಆ ದಿನದ ಕಾರ್ಯಕ್ರಮಗಳಲ್ಲಿ ಅಳಿಸಿಹೋಗಿ ಈಗ ತೋರಿಸಲಾಗದವುಗಳ ಹೆಸರನ್ನು ಅವನು ಶುರುವಿಗೆ ಮುಂಚೆ ಎದ್ದು ನಿಂತು ಓದುತ್ತಾನೆ, ಯುದ್ಧದಲ್ಲಿ ಸತ್ತವರ ಹೆಸರು ಓದಿದ ಹಾಗೆ. ಓದಿ ಮುಗಿಸಿ, "ಇವನ್ನು ಅಳಿಸಿದ ಕೈಗೆ ಎಂದೆಂದೂ ತಣ್ಣಗಿನ ಚಹಾವೇ ಸಿಗಲಿ" ಅನ್ನುತ್ತಾನೆ. "ತಣ್ಣಗಿನದೇ ಸಿಗಲಿ" ಎಂದು ಸಭೆಯೆಲ್ಲ ಹೇಳಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಕ್ಲಿಫರ್ಡ್ ಹೆಗಲು ಮುಟ್ಟಿಕೊಳ್ಳಲಿಲ್ಲ, ಹನ್ನೊಂದು ವರ್ಷ ಎಲ್ಲರ ಜೊತೆ ನಿಂತು ಕಳ್ಳನಿಗೆ ಶಾಪ ಹಾಕಿದ. ಮನೆಗೆ ಬಂದ ಮೇಲೆ ಬೆರಿಲ್ ಅವನ ಮುಂದೆ ಕಪ್ಪಿಟ್ಟು, "ಬಿಸಿ ಐತಿ ನೋಡು. ದೇವರು ಜೆರಾಲ್ಡನ ಮಾತು ಕಿವಿಗೇ ಹಾಕ್ಕೊಳ್ಳಂಗಿಲ್ಲ ಕಾಣತೈತಿ" ಅನ್ನುವಳು.

ಅವನೇನು ಕಲ್ಲೆದೆಯವನಲ್ಲ. ಮೊದಲ ತಿಂಗಳೇ ಹೇಳಿಬಿಡಬೇಕೆಂದಿದ್ದ, ಹೇಳಿದರೆ ಹೊರಗೆ ಹಾಕುತ್ತಾರೆ ಎಂಬ ಹೆದರಿಕೆ ತಡೆಯಿತು. ದಿನ ಕಳೆದಂತೆ, ಹೇಳದೆ ಉಳಿದದ್ದೇ ಇನ್ನೊಂದು ತಪ್ಪಾಗಿ, ಬಿಸಿ ತುಪ್ಪದಂತೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವನು ಪಬ್ಬಿಗೆ ಹೋಗುವವನಲ್ಲ, ಫುಟ್‌ಬಾಲಿನ ಹುಚ್ಚಿಲ್ಲ, ಮಕ್ಕಳಿಲ್ಲ. ಅವನ ಗೆಳೆಯರೆಂದರೆ ಆ ಹಾಲಿನಲ್ಲಿದ್ದ ಮೂವತ್ತು ಜನ, ಅಷ್ಟೇ.

ಎರಡು ಸಾವಿರದ ಹತ್ತೊಂಬತ್ತರ ನವೆಂಬರಿನಲ್ಲಿ ಅವರು ಆರಿಸಿದ್ದು ಅರವತ್ತಾರನೇ ಇಸವಿಯ ಒಂದು ಗುರುವಾರ. ಅಳಿಸಿಹೋದವುಗಳ ಪಟ್ಟಿಯಲ್ಲಿ ಆವತ್ತು ಮೊದಲ ಹೆಸರು "ಅಲೆಯಂಚಿನ ಮನೆ". ನೂರು ವರ್ಷದ ಹಿಂದಿನ ಒಂದು ಕಡಲತೀರದ ವಸತಿಗೃಹ, ಅಲ್ಲಿ ಬಂದು ಉಳಿಯುವವರ ಕಥೆ. ಹದಿಮೂರು ಕಂತುಗಳಲ್ಲಿ ಉಳಿದದ್ದು ಎರಡು.

ಬಿಡುವಿನಲ್ಲಿ, ಎಲ್ಲರ ಕೈಗೂ ಪೈ ಬಂದಮೇಲೆ, ಜೆರಾಲ್ಡ್ ಒಬ್ಬ ಹೊಸ ಹೆಂಗಸನ್ನು ಮುಂದೆ ಕರೆದ. ಐವತ್ತಾರರ ಆಸುಪಾಸು, ಒಳ್ಳೆಯ ಕೋಟು, ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಒಂದು ಫೋಟೋ.

"ಇವರು ರೋಸಲಿಂಡ್ ಟೆಂಪಲ್. ಕೆಂಟ್‌ನಿಂದ ಬೆಳಗಿನ ರೈಲಿಗೆ ಬಂದಿದ್ದಾರೆ. ಇವರ ತಾಯಿ ಮಾರ್ಜರಿ ಲೋ 'ಅಲೆಯಂಚಿನ ಮನೆ'ಯ ಒಂಬತ್ತನೇ ಕಂತಿನಲ್ಲಿ ಪಾತ್ರ ಮಾಡಿದ್ದರು."

ರೋಸಲಿಂಡ್ ಭಾಷಣಕ್ಕೆ ನಿಂತವಳಂತೆ ನಿಲ್ಲಲಿಲ್ಲ. ತಿಂಡಿಯ ಮೇಜಿಗೆ ಒರಗಿಕೊಂಡೇ ಮಾತಾಡಿದಳು, ಮಾತು ದಕ್ಷಿಣದವರದು, ನಯವಾದದ್ದು.

"ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಆಮೇಲೆ ಅಪ್ಪನ ಮನೆಯವರು ಸಾಕಿದ್ರು. ಅಮ್ಮ ಹುಟ್ಟಿದ್ದು ಈ ಕಣಿವೇಲಿ, ಆದರೆ ನಾಟಕದ ಶಾಲೆಗೆ ಸೇರಿದ ಮೇಲೆ ಈ ಕಡೆಯವರ ಥರ ಮಾತಾಡ್ತಾನೇ ಇರಲಿಲ್ಲ, ತುಂಬಾ ನಾಜೂಕು ಅಂತ ಅಜ್ಜಿ ಹೇಳೋರು. ಫೋಟೋಗಳಿವೆ. ದನಿ ಮಾತ್ರ ಇಲ್ಲ. ಅಮ್ಮ ಟೀವೀಲಿ ಬಂದಿದ್ದು ಅದೊಂದೇ ಸಲ. ಯಾರಾದ್ರೂ ಆವತ್ತು ಧ್ವನಿಯನ್ನಾದ್ರೂ ರೆಕಾರ್ಡ್ ಮಾಡಿಕೊಂಡಿರಬಹುದಾ ಅಂತ ಕೇಳೋಕೆ ಬಂದೆ."

ಯಾರೂ ಮಾಡಿಕೊಂಡಿರಲಿಲ್ಲ. ಜೆರಾಲ್ಡ್ ಗಂಟಲು ಸರಿಮಾಡಿಕೊಂಡು, ಆ ಟೇಪನ್ನು ಅಳಿಸಿದ ಕೈಗೆ ಎಂದು ಶುರುಮಾಡಿದ.

"ದಯವಿಟ್ಟು ಶಾಪ ಬೇಡ," ಅಂದಳು ರೋಸಲಿಂಡ್. "ಅದರಿಂದ ನನಗೇನೂ ಸಿಗಲ್ಲ. ಇಲ್ಲಿ ಯಾರಾದ್ರೂ ಆ ಕಂತು ನೋಡಿದ್ದೀರಾ? ನೋಡಿದ್ದು ನೆನಪಿದೆಯಾ?"

ಎಂಬತ್ತು ದಾಟಿದ ಎಡ್ನಾ ಬಾರ್ಲೊ ಕೈ ಎತ್ತಿದಳು. "ನಾ ನೋಡೀನಿ ತಾಯೀ. ಅದರಾಗ ಒಂದು ನಾಯಿ ಇತ್ತು."

"ನಾಯಿ ಬಂದದ್ದು ಹನ್ನೊಂದನೇ ಕಂತಿನಲ್ಲಿ, ಎಡ್ನಾ," ಅಂದ ಜೆರಾಲ್ಡ್.

"ಹಂಗಾರ ನಾ ನಾಯಿ ನೋಡೀನಿ."

ರೋಸಲಿಂಡ್ ಕೂಡ ನಕ್ಕಳು. ಫೋಟೋ ಕೈಯಿಂದ ಕೈಗೆ ದಾಟುತ್ತ ಅಡುಗೆಮನೆಯ ಕಿಟಕಿಗೂ ಬಂತು. ಅಲ್ಲಿ ಕ್ಲಿಫರ್ಡ್ ಕಪ್ಪು ಒರೆಸುತ್ತಿದ್ದ. ಫೋಟೋದಲ್ಲಿ ಮಾರ್ಜರಿ ಆ ಪಾತ್ರದ ವೇಷದಲ್ಲಿದ್ದಳು: ಎತ್ತರದ ಕಾಲರು, ಬೆನ್ನ ಹಿಂದೆ ದಾರ ಎಳೆದು ಉಸಿರು ಕಟ್ಟುವಷ್ಟು ಬಿಗಿದ ನಡು, ಅಗಲ ಬಾಯಿ. ಅವನು ಫೋಟೋ ಹಿಡಿದುಕೊಂಡೇ ನಿಂತ.

ಬೆರಿಲ್ ಅವನ ಮುಖ ನೋಡಿದಳು. "ಇದನ್ನ ಅಳಿಸಿದಾವ ನೀನಾ?"

"ನಾನ. ಅರವತ್ತೊಂಬತ್ತರಾಗ."

"ಆಕೀನ ನೋಡಿದ್ದು ನೆನಪೈತೇನು?"

"ಐತಿ. ಹೇಳಿದ್ರ ನಾ ಯಾರು ಅನ್ನೂದೂ ಹೇಳಬೇಕಾಗತೈತಿ. ನಾಳಿಂದ ಇಲ್ಲಿಗೆ ಬರೂದು ಮುಗೀತು."

"ಹೇಳೂದಾದ್ರ ಹೋಗಿ ಹೇಳು. ಇಲ್ಲಾಂದ್ರ ಆ ಅರಿವಿ ಕೊಡು, ಕಪ್ಪು ನಾ ಒರಸ್ತೀನಿ. ಆಕಿ ರೈಲು ಐದಕ್ಕೈತಿ."

ಇಂಥ ಹೆಂಡತಿ ಸಿಕ್ಕಿದವನಿಗೆ ಬೇರೆ ಪಾದ್ರಿ ಬೇಕಿಲ್ಲ. ಕ್ಲಿಫರ್ಡ್ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಹಾಲಿಗೆ ಬಂದು, ಫೋಟೋವನ್ನು ರೋಸಲಿಂಡ್ ಕೈಗೆ ಕೊಟ್ಟ. ಜನರ ಎದುರು ಮಾತಾಡಿ ರೂಢಿಯಿಲ್ಲದವನು, ಇದ್ದುದನ್ನು ಇದ್ದ ಹಾಗೆ ಹೇಳಿಬಿಟ್ಟ.

"ಆ ಟೇಪು ಅಳಿಸಿದಾವ ನಾನರೀ. ಆ ಕಂಪನಿ ಗೋದಾಮಿನಾಗ ಐದು ವರ್ಷ ಅದ ಕೆಲಸ ಇತ್ತು ನನಗ. ಜೆರಾಲ್ಡ್ ಓದೂ ಪಟ್ಟಿಯೊಳಗ ಅರ್ಧದಷ್ಟು ನನ್ನ ಕೈಯಾಗ ಹೋಗ್ಯಾವ."

ಜೆರಾಲ್ಡನ ಮುಖ ಕೆಂಪಾಯಿತು, ಮೇಷ್ಟ್ರ ಮಾತು ಬಿಟ್ಟು ಕಣಿವೆಯ ಮಾತು ಬಂತು.

"ಹನ್ನೊಂದು ವರ್ಷ ನಮ್ಮ ಕೂಡ ನಿಂತು ಶಾಪ ಹಾಕಿದ್ಯಲ್ಲೋ."

"ಹಾಕಿದ್ದು ನನಗ ಅಲ್ಲೇನು, ಜೆರಾಲ್ಡ್. ನಿಮ್ಮೆಲ್ಲಾರಕಿಂತ ಜೋರಾಗಿ ಹಾಕೀನಿ."

"ಹೊರಗ ನಡಿ."

ಕ್ಲಿಫರ್ಡ್ ತಲೆಯಾಡಿಸಿ ಬಾಗಿಲಿನತ್ತ ತಿರುಗಿದ. ಇಷ್ಟು ವರ್ಷ ಹೆದರಿದ್ದು ಇದಕ್ಕೇ, ಅದು ಹೆದರಿದ ಹಾಗೇ ಆಯಿತು. ಅವನ ತೋಳು ಹಿಡಿದು ನಿಲ್ಲಿಸಿದವಳು ರೋಸಲಿಂಡ್.

"ಸ್ವಲ್ಪ ಇರಿ. ಅಳಿಸೋ ಮುಂಚೆ ನೋಡಿದ್ರಾ?"

"ತಲಿ ಎರಡು ನಿಮಿಷ, ಬಾಲ ಎರಡು ನಿಮಿಷ. ನಡುವಿಂದು ನೋಡಾಕ ಪುರಸೊತ್ತು ಕೊಡ್ತಿದ್ದಿಲ್ಲ. ತಲಿಯೊಳಗ ನಿಮ್ಮವ್ವ ಇದ್ದಿಲ್ಲರೀ. ಬಾಲದಾಗ ಇದ್ಲು."

ಬಹಳ ಚೆನ್ನಾಗಿ ನಟಿಸಿದಳು, ಎಲ್ಲರ ಕಣ್ಣಲ್ಲೂ ನೀರು ಬಂತು ಎಂದು ಎರಡು ಮಾತು ಸೇರಿಸಬಹುದಿತ್ತು. ತಪ್ಪು ಹಿಡಿಯುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ, ಆಕೆಗೂ ಸಂತೋಷವಾಗುತ್ತಿತ್ತು. ಅವನು ಸೇರಿಸಲಿಲ್ಲ.

"ಪಾತ್ರ ಹೆಂಗ ಮಾಡಿದ್ಲು ನನಗ ಗೊತ್ತಿಲ್ಲ. ಕಥಿ ಮುಗದು, ಪಾತ್ರ ಮಾಡಿದವರ ಹೆಸರೆಲ್ಲಾ ಬಂದು ಹೋಗಿ, ಆದಮ್ಯಾಲಿಂದು ಹೇಳ್ತೀನಿ. ಅದು ಟೀವಿಯೊಳಗ ಬಂದದ್ದಲ್ಲ, ಯಾರೂ ನೋಡಿದ್ದಲ್ಲ. ಕೆಲವೊಂದು ಸಲ ನಿಲ್ಲಸೂದು ತಡಾ ಆಗಿ, ಆಟ ಮುಗದ ಮ್ಯಾಲೂ ಟೇಪು ಅರ್ಧ ನಿಮಿಷ ಓಡತಿತ್ತು. ನಿಮ್ಮವ್ವ ಕುರ್ಚಿ ಮ್ಯಾಲೆ ದೊರಸಾನಿ ಹಂಗ ಕುಂತಿದ್ಲು. ಯಾರೋ 'ಆತು' ಅಂದ್ರು. ಅಂದಕೂಡ್ಲೆ ಬೆನ್ನಿಗೆ ಎರಡೂ ಕೈ ಹಾಕಿ, ಒಂದು ಮಾತು ಅಂದ್ಲು. ನಮ್ಮ ಮಾತಿನಾಗ. ನಮ್ಮ ಅವ್ವಾಗೋಳು ಕಾರ್ಖಾನಿ ಗೇಟಿನಾಗ ಆಡೂ ಮಾತಿನಾಗ. ಆಗೆಲ್ಲಾ ಆ ಪೆಟ್ಟಗಿಯೊಳಗ ನಮ್ಮ ಕಣಿವಿ ಮಾತು ಕೇಳೂದ ಇದ್ದಿಲ್ಲರೀ. ನಾ ನಕ್ಕೋತ ನಮ್ಮ ಜತಿಗಾರನ್ನ ಕರದೆ. ಸುತ್ತಿ ಎರಡು ಸಲ ನೋಡಿದ್ವಿ."

ಅವನು ನೆಲ ನೋಡಿದ. "ನೋಡಿ, ಅಳಿಸಿದೆ. ಚೀಟಿ ಬಂದಿತ್ತು. ತಪ್ಪಾತು, ತಾಯೀ."

"ಏನಂದ್ಲು?" ಅಂದಳು ರೋಸಲಿಂಡ್.

ಕ್ಲಿಫರ್ಡ್ ಜೆರಾಲ್ಡನತ್ತ ನೋಡಿದ. ಜೆರಾಲ್ಡ್ ಇನ್ನೂ ಸಿಟ್ಟಿನಲ್ಲೇ ಇದ್ದ, ಆದರೂ ಕಾಲಿನಿಂದ ಒಂದು ಕುರ್ಚಿ ಅವನತ್ತ ದೂಡಿ, "ಕುಂತು ಹೇಳು" ಅಂದ.

ಕ್ಲಿಫರ್ಡ್ ಕೂರಲಿಲ್ಲ. ಬೆನ್ನಿಗೆ ಎರಡೂ ಕೈ ಹಾಕಿ, ಐವತ್ತು ವರ್ಷದ ಹಿಂದೆ ಕೇಳಿದ ರಾಗದಲ್ಲೇ, ಎಳೆದೆಳೆದು ಹೇಳಿದ. "ಯಾರರ ಬಂದು ಈ ದಾರ ಬಿಚ್ಚರೋ ಯಪ್ಪಾ, ಮಧ್ಯಾನದಿಂದ ಕಿವಿಯಾಗ ಉಸರಾಡಾಕತ್ತೀನಿ ನಾ."

ಎಡ್ನಾ ನಕ್ಕಳು, ಹಿಂದೆ ಇನ್ನೂ ಇಬ್ಬರು ನಕ್ಕರು. ರೋಸಲಿಂಡ್ ನಗಲಿಲ್ಲ. ಇನ್ನೊಂದು ಸಲ ಹೇಳಿ ಅಂದಳು. ಅವನು ಹೇಳಿದ. ಅವಳು ಜೆರಾಲ್ಡ್ ದೂಡಿದ ಕುರ್ಚಿಯಲ್ಲಿ ತಾನೇ ಕೂತುಬಿಟ್ಟಳು.

"ಇದೇ ಥರದ ಮಾತು. ಹೀಗೇ ಎಳೆಯೋದು," ಅಂದಳು. "ನನ್ನ ತಲೆಯೊಳಗೆ ಚಿಕ್ಕಂದಿನಿಂದ ಒಂದು ದನಿ ಇದೆ. ನನಗೆ ಸ್ನಾನ ಮಾಡಿಸ್ತಾ, ಕಣ್ಣು ಮುಚ್ಚು ಅಂತ ಬೈತಾ ಇರುತ್ತೆ. ಅಮ್ಮ ನಾಜೂಕಿನವಳು ಅಂದಿದ್ರಲ್ಲ, ಹಾಗಾಗಿ ಅದು ನಮ್ಮನೆ ಕೆಲಸದವಳು ಅಂದ್ಕೊಂಡಿದ್ದೆ. ನಮ್ಮನೇಲಿ ಕೆಲಸದವಳೇ ಇರಲಿಲ್ಲ ಅಂತ ಅಪ್ಪ ಸಾಯೋವರೆಗೂ ಹೇಳಿದ್ರು. ಅಪ್ಪನಿಗೆ ಮರೆವು ಅಂದ್ಕೊಂಡೆ."